ದುಡಿಮೆಯಲ್ಲಿ ಕಂಡ ಗೆಳೆಯ

ಗೆಳೆಯರನ್ನು ನಾವು ಬಹುಪಾಲು ಅವರ ಬಿಡುವಿನಲ್ಲಿ ಬಲ್ಲೆವು. ಹಬ್ಬಕ್ಕೆ ಬಂದಾಗ ಕಾಣುತ್ತೇವೆ, ಮದುವೆಮನೆಯಲ್ಲಿ ಮಾತಾಡುತ್ತೇವೆ, ಸಂಜೆ ಹೊಳೆಯ ದಡದಲ್ಲಿ ಜೊತೆಗೆ ಕೂರುತ್ತೇವೆ. ಅವರ ದಿನದ ದೀರ್ಘಭಾಗ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬಿದ್ದಷ್ಟನ್ನೇ ಪೂರ್ಣವೆಂದು ಭಾವಿಸುತ್ತೇವೆ. ನಮ್ಮ ಎಷ್ಟೋ ಅಸೂಯೆಗಳು ಈ ಅರ್ಧದರ್ಶನದ ಸಂತಾನ. ಎಷ್ಟೋ ಅನುಕಂಪಗಳೂ ಅಲ್ಲೇ ಹುಟ್ಟಿದವು.

ನಂಜನಗೂಡಿನ ಗೆಳೆಯನೊಬ್ಬ ಕ್ರೂಸ್ ಹಡಗಿನಲ್ಲಿ ಉದ್ಯೋಗಿ. ಕಪಿಲೆಯ ಸ್ನಾನಘಟ್ಟದ ಬಳಿ ಈಜು ಕಲಿತವನು ಈಗ ವರ್ಷದ ಹೆಚ್ಚುಭಾಗ ಕಡಲಿನ ಮೇಲಿರುತ್ತಾನೆ. ರಜೆಗೆ ಬಂದರೆ ಮಕ್ಕಳಿಗೆ ಚಾಕೊಲೇಟು, ದೊಡ್ಡವರಿಗೆ ದೂರದ ಬಂದರುಗಳ ಕಥೆ. ತಿ. ನರಸೀಪುರದ ಸಂಗಮದಲ್ಲಿ ಹರಿಗೋಲು ಹತ್ತಿ ಆಚೆ ದಡ ಮುಟ್ಟಿ ಬಂದವರು ನಾವು; ನಮ್ಮ ಜಲಯಾನ ಅಲ್ಲಿಗೆ ಮುಗಿಯಿತು. ಅಲ್ಲಿ ಕಾವೇರಿಯೊಡನೆ ಕೂಡಿದ ಕಪಿಲೆಯೂ ಸಮುದ್ರ ಕಾಣಬೇಕಾದರೆ ತಮಿಳುನಾಡನ್ನು ದಾಟಿ ಪೂರ್ವದ ಕರಾವಳಿಯವರೆಗೆ ಹರಿಯಬೇಕು. ಇವನು ಎಂದೋ ಸೇರಿಬಿಟ್ಟಿದ್ದ. "ಪುಣ್ಯವಂತ ಕಣೋ ನೀನು" ಎನ್ನುತ್ತಿದ್ದೆವು. ಅವನು ನಕ್ಕು ಸುಮ್ಮನಾಗುತ್ತಿದ್ದ. ಆ ಮೌನವನ್ನೂ ನಾವು ಸಂತೃಪ್ತಿಯೆಂದೇ ಓದಿಕೊಂಡೆವು.

ಅವನ ಹಡಗು ಮುಂಬಯಿಯಲ್ಲಿ ತಂಗಿದ್ದಾಗ ಮುಂಚಿತವಾಗಿ ಅನುಮತಿ ಪಡೆದು ಹೋದೆವು. ಗುರುತಿನ ಚೀಟಿ ಒಪ್ಪಿಸಿ, ಕೊರಳಿಗೆ ಪಾಸು ತಗುಲಿಸಿಕೊಂಡು ಒಳಗಾದೆವು. ಬೆಳಿಗ್ಗೆ ಹಳೆಯ ಪ್ರಯಾಣಿಕರು ಇಳಿದಿದ್ದರು. ಮಧ್ಯಾಹ್ನ ಹೊಸಬರು ಹತ್ತುವವರು. ನಡುವಿನ ಕೆಲವೇ ತಾಸುಗಳಲ್ಲಿ ಪ್ರತಿ ಹಾಸಿಗೆಯೂ ಯಾರೂ ಮಲಗಿಯೇ ಇಲ್ಲವೆಂಬಂತೆ ಆಗಬೇಕು. ಮೇಲಿನ ಅಂತಸ್ತುಗಳಲ್ಲಿ ಈಜುಕೊಳ, ರಂಗಮಂದಿರ, ದೀಪಗಳ ಗೊಂಚಲು. ಕೆಳಗಿಳಿದರೆ ಉದ್ದನೆಯ ಕಬ್ಬಿಣದ ಓಣಿ, ಸಾಮಾನಿನ ಗಾಡಿಗಳು, ಬಟ್ಟೆ ಒಗೆಯುವ ಯಂತ್ರಗಳ ಬಿಸಿಗಾಳಿ. ಗೆಳೆಯನ ಕೋಣೆಯಲ್ಲಿ ಒಂದರ ಮೇಲೊಂದು ಎರಡು ಮಂಚ, ಇಬ್ಬರ ವಾಸ. ಕಿಟಕಿಯಿಲ್ಲ. ಕಡಲ ನಡುವೆ ಮಲಗಿ ಕಡಲನ್ನೇ ಕಾಣದ ನಿದ್ರೆ. ನೌಕರರ ಊಟದ ಕೋಣೆಯಲ್ಲಿ ಚಹಾ ಕೊಟ್ಟು ಅವನು ಕೇಳಿದ ಮೊದಲ ಪ್ರಶ್ನೆ: "ಈ ಸಲ ಹದಿನಾರು ಕಾಲು ಮಂಟಪ ಮುಳುಗಿತೇನೋ?" ಕಪಿಲೆಯ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ನಂಜನಗೂಡಿನವರು ಪ್ರವಾಹವನ್ನು ಅಳೆಯುವುದೇ ಆ ಮಂಟಪದ ಕಂಬಗಳಿಂದ. ಅರ್ಧ ಮುಳುಗಿತ್ತು ಎಂದೆವು. ತಲೆದೂಗಿದ. ಮರುಕ್ಷಣ ಗಡಿಯಾರ ನೋಡಿದ.

ಅವನಂಥ ಕಡಲ ಕಾರ್ಮಿಕರಿಗಾಗಿ 2006ರಲ್ಲಿ ಒಂದು ಅಂತರರಾಷ್ಟ್ರೀಯ ಒಡಂಬಡಿಕೆ ರೂಪುಗೊಂಡಿತು. ಭಾರತವೂ 2015ರಲ್ಲಿ ಅದನ್ನು ಅನುಮೋದಿಸಿತು. ವಿಶ್ರಾಂತಿಗೆ ಅದು ಹಾಕಿದ ಲೆಕ್ಕ ಹೀಗಿದೆ: ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ. ದಿನದ ವಿಶ್ರಾಂತಿ ಎರಡು ತುಂಡಾಗಬಹುದು, ಮೂರಾಗಬಾರದು. ಒಂದು ತುಂಡಾದರೂ 6 ಗಂಟೆಗೆ ಕಡಿಮೆಯಿರಬಾರದು. ನಿದ್ರೆಗೂ ಕಾವಲು ಬೇಕಾಯಿತು. ಒಬ್ಬರ ವಿಹಾರಕ್ಕೆ ಇನ್ನೊಬ್ಬರ ಎಷ್ಟು ಜಾಗರಣೆ ಸಲ್ಲುತ್ತದೆ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಅದನ್ನು ತಿಳಿದಾಗ ನಮ್ಮ ಅಸೂಯೆ ತಾನಾಗಿ ಕರಗಿತು. ಅದರ ಜಾಗದಲ್ಲಿ ಕನಿಕರ ಬಂದು ಕುಳಿತಿತು.

ಕನಿಕರವೂ ಬಹಳ ಹೊತ್ತು ಉಳಿಯಲಿಲ್ಲ. ಹೊರಡುವ ಮುನ್ನ ಅವನು ಒಂದು ಬಿಳಿಯ ಟವೆಲನ್ನು ಎತ್ತಿಕೊಂಡ. ನಾಲ್ಕಾರು ಮಡಿಕೆ, ಒಂದು ತಿರುವು. ಹಾಸಿಗೆಯ ಮೇಲೆ ಸೊಂಡಿಲೆತ್ತಿದ ಆನೆ ನಿಂತಿತು. ಪ್ರಯಾಣಿಕರ ಮಕ್ಕಳು ಸಂಜೆ ಕೋಣೆಗೆ ಬಂದು ಇದನ್ನು ಕಂಡು ಕುಣಿಯುತ್ತಾರಂತೆ. ಅದನ್ನು ಹೇಳುವಾಗ ಅವನ ಮುಖದಲ್ಲಿದ್ದದ್ದು ಕಲಾವಿದನ ಅಭಿಮಾನ. ಆ ಕೈಗಳಿಗೆ ನಮ್ಮ ಮರುಕ ಬೇಕಿರಲಿಲ್ಲ. ಊರಿನಲ್ಲಿ ಅವನನ್ನು ಅಷ್ಟು ವರ್ಷ ಕಂಡಿದ್ದರೂ ಆ ಕೈಗಳನ್ನು ನಾವು ಅಂದೇ ಮೊದಲು ನೋಡಿದ್ದು. ಅಸೂಯೆಯು ಅವನ ಶ್ರಮವನ್ನು ಮರೆತಿತ್ತು. ಕನಿಕರವು ಅವನ ಘನತೆಯನ್ನು ಮರೆತಿತ್ತು. ಎರಡೂ ಕಳೆದ ಮೇಲೆ ಉಳಿದದ್ದು ಗೌರವ. ಗೌರವ ಬಂದ ಮೇಲೆ ಗೆಳೆತನಕ್ಕೆ ಹೊಸ ನೆಲೆ ಸಿಕ್ಕಿತು.

ಇದು ಕಡಲಿನ ಸಂಗತಿ ಮಾತ್ರವಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹೊರಡುತ್ತವೆ. ಅವುಗಳಲ್ಲಿ ಶ್ರೀಕಂಠೇಶ್ವರನ ಗೌತಮ ರಥವೇ ದೊಡ್ಡದು. ಸಾವಿರಾರು ಜನ ತಲೆಯೆತ್ತಿ ಕಳಶ ನೋಡುತ್ತಾರೆ, ಹಣ್ಣು ಜವನ ಎಸೆದು ಕೈಮುಗಿಯುತ್ತಾರೆ. ಆ ಹೊತ್ತಿಗೆ ಚಕ್ರದ ಪಕ್ಕದಲ್ಲಿ ಬಗ್ಗಿದವರು ಕೆಲವರಿರುತ್ತಾರೆ. ಉರುಳುವ ಚಕ್ರದ ಬುಡಕ್ಕೆ ಮರದ ತುಂಡು ಕೊಟ್ಟು, ತೇರಿನ ದಿಕ್ಕು ತಿದ್ದಿ, ವೇಗ ತಡೆಯುತ್ತಾರೆ. ಕಳಶ ನೋಡುವ ಅವಕಾಶ ಅವರಿಗಿಲ್ಲ. ಅವರ ದೃಷ್ಟಿ ನೆಲದಿಂದ ಕದಲಿದರೆ ನಮ್ಮ ಭಕ್ತಿಗೆ ಆಧಾರವಿಲ್ಲ. ಮೇಲೆ ನೋಡುವುದು ನಮ್ಮ ತಪ್ಪೇನಲ್ಲ. ಜಾತ್ರೆಗೆ ಬಂದದ್ದೇ ಅದಕ್ಕೆ. ಒಮ್ಮೆ ಕೆಳಗೂ ನೋಡಿದರೆ ದರ್ಶನ ಪೂರ್ಣವಾಗುತ್ತದೆ, ಅಷ್ಟೇ.

2020ರಲ್ಲಿ ಕೋವಿಡ್ ಸೋಂಕಿನಿಂದಾಗಿ ಲೋಕದ ವಿಹಾರನೌಕೆಗಳು ಬಹುತೇಕ ನಿಂತವು. ಪ್ರಯಾಣಿಕರು ಇಳಿದು ಹೋದರು. ಇಳಿಯಲು ಬಂದರು ಸಿಗದೆ ಸಿಬ್ಬಂದಿ ಹಡಗಿನಲ್ಲೇ ಉಳಿದರು. ಒಬ್ಬೊಬ್ಬರೇ ಇರಬೇಕಾದ ಕಾರಣ ಅನೇಕ ಹಡಗುಗಳಲ್ಲಿ ಅವರಿಗೆ ಪ್ರಯಾಣಿಕರ ಕೋಣೆಗಳನ್ನೇ ಕೊಟ್ಟರು. ನಮ್ಮ ಗೆಳೆಯನಿಗೂ ಕೊನೆಗೊಮ್ಮೆ ಕಿಟಕಿ ದೊರೆಯಿತು. ಅದರ ತುಂಬ ಕಡಲು ಕಂಡಿತು. ಮನಸ್ಸು ಊರಿನ ಕಡೆ ತಿರುಗಿತ್ತು. ಅದೇ ದಿನಗಳಲ್ಲಿ ನಂಜನಗೂಡೂ ಸೋಂಕಿನ ನಿರ್ಬಂಧದಲ್ಲಿತ್ತು. ಮನೆಯವರು ಹೊಸ್ತಿಲು ದಾಟುವಂತಿಲ್ಲ, ಮಗ ಹಡಗು ಇಳಿಯುವಂತಿಲ್ಲ. ಮೇಲಂತಸ್ತಿನ ಸುಖ ಕಿಟಕಿಯಲ್ಲಿಲ್ಲವೆಂದು ಆಗ ತಿಳಿಯಿತು. ಇಳಿಯುವ ದಿನ ನಿಶ್ಚಿತವಾಗಿರುವವನಿಗೆ ಮಾತ್ರ ಯಾನವು ವಿಹಾರ. ಮನೆಯ ದಾರಿ ತೆರೆದಿದ್ದರೆ ಕಿಟಕಿಯಿಲ್ಲದ ಕೋಣೆಯೂ ಸಹ್ಯ.

ನಾವೆಲ್ಲರೂ ಒಬ್ಬರಿಗೊಬ್ಬರು ಹೀಗೆ ಅರ್ಧ ಪರಿಚಿತರು. ಗೆಳೆಯನ ಕೆಳಂತಸ್ತನ್ನು ನಾವು ಕಾಣದಂತೆ ನಮ್ಮದನ್ನೂ ಅವನು ಕಂಡಿಲ್ಲ. ನಮ್ಮ ಹೊಲದ ಸಾಲ, ನಮ್ಮ ಕಚೇರಿಯ ದಣಿವು, ನಮ್ಮ ಅಡುಗೆಮನೆಯ ನಸುಕು ಅವನಿಗೂ ಅಪರಿಚಿತ. ಊರಿನಲ್ಲೇ ಉಳಿದ ನಾವೇ ಪುಣ್ಯವಂತರೆಂದು ಅವನೂ ಅಂದುಕೊಂಡಿರಬಹುದು. ಎಲ್ಲರ ದುಡಿಮೆಯನ್ನೂ ಹೋಗಿ ನೋಡಿ ಬರುವುದು ಯಾರಿಂದಲೂ ಆಗದ ಮಾತು. ಅದಕ್ಕೆ ಅನುಮತಿಪತ್ರವೂ ಸಾಲದು, ಆಯುಷ್ಯವೂ ಸಾಲದು. ನಮ್ಮಿಂದ ಆಗುವುದು ಒಂದೇ: ಎದುರಿಗಿರುವವನಲ್ಲಿ ನಾವು ಕಾಣದ ಶ್ರಮವೊಂದಿದೆ, ನಾವು ಅರಿಯದ ಕೌಶಲವೊಂದಿದೆ ಎಂದು ಮುಂಚಿತವಾಗಿ ಒಪ್ಪಿಕೊಳ್ಳುವುದು. ಹಾಗೆ ಒಪ್ಪಿದ ಮನಸ್ಸು ಯಾರನ್ನೂ ತನಗಿಂತ ಮೇಲಿಟ್ಟು ನರಳುವುದಿಲ್ಲ, ಕೆಳಗಿಟ್ಟು ಮರುಗುವುದಿಲ್ಲ. ಕಂಡ ಅರ್ಧಕ್ಕೆ ಪ್ರೀತಿ ಸಾಕು. ಕಾಣದ ಅರ್ಧಕ್ಕೆ ಗೌರವ ಬೇಕು.