ಕೆಂಪು ಸಾಲಿನ ಲೆಕ್ಕ

ಜರ್ಮನಿಯ ಮ್ಯೂನಿಕ್ ನಗರಕ್ಕೆ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದ ಹೆಂಗಸೊಬ್ಬರು 2018ರಲ್ಲಿ ಒಂದು ಸ್ಕಾರ್ಫ್ ಹೆಣೆದರು. ದಿನಕ್ಕೆ ಎರಡು ಸಾಲು. ರೈಲು ತಡವಾದದ್ದು ಐದು ನಿಮಿಷದೊಳಗಾದರೆ ಬೂದು ಉಣ್ಣೆ, ಅರ್ಧ ಗಂಟೆಯವರೆಗೆ ಗುಲಾಬಿ, ಅದಕ್ಕೂ ಮೀರಿದರೆ ಅಥವಾ ಹೋಗುವಾಗ ಬರುವಾಗ ಎರಡೂ ಸಲ ತಡವಾದರೆ ಕೆಂಪು. 2019ರ ಜನವರಿಯಲ್ಲಿ ಅದು ಹರಾಜಿನಲ್ಲಿ 7,550 ಯೂರೋಗೆ ಹೋಯಿತು. ಗೊಣಗಾಟಕ್ಕೂ ಬೆಲೆ ಬರುತ್ತದೆ ನೋಡಿ!

ರೈಲಿಗಾದರೆ ಬಣ್ಣ ಹಂಚುವುದು ಸುಲಭ. ಮನುಷ್ಯರಿಗೆ?

ಅಮ್ಮ ತೀರಿಕೊಂಡ ಮೇಲೆ ಅವಳ ಸಕ್ಕರೆ ಕಾಯಿಲೆಯ ನೋಟ್‌ಬುಕ್ಕು ನನ್ನ ಪಾಲಿಗೆ ಬಂತು. (ಒಡವೆಗಳ ಮಾತು ಇಲ್ಲಿ ಬೇಡ.) ಬೆಳಗಿನ ಕಾಫಿಗೆ ಮುಂಚೆ ಬೆರಳು ಚುಚ್ಚಿಕೊಂಡು ಬರೆದಿಟ್ಟ ಅಂಕಿಗಳು. ವರ್ಷಕ್ಕೆ 365 ಸಾಲು. ಸೆಂಟಿಮೀಟರಿಗೆ ಮೂರು ಸಾಲೆಂದರೂ ನಾಲ್ಕಡಿ ಶಾಲು. ಡಾಕ್ಟರರ ಲೆಕ್ಕದಂತೆ 130ರೊಳಗೆ ಹಸಿರು, 180ರವರೆಗೆ ಹಳದಿ, ಮೇಲೆ ಕೆಂಪು ಎಂದುಕೊಂಡು ತಾರೀಖು ನೋಡುತ್ತಾ ಹೋದೆ. 210 ಇದ್ದದ್ದು ಯುಗಾದಿಯ ಮಾರನೆಯ ಬೆಳಿಗ್ಗೆ. 226, ಮೊಮ್ಮಗಳ ನಾಮಕರಣದ ಮಾರನೆಯ ದಿನ. ಹಸಿರು ಸಾಲಾಗಿ ಬರುವುದು ಅವಳು ಗಂಜಿಯೂ ಸೇರದೆ ಮಲಗಿದ್ದ ವಾರದಲ್ಲಿ! ಹಾಗಾದರೆ ಯಾವುದು ಒಳ್ಳೆಯ ದಿನ, ನೀವೇ ಹೇಳಿ.

ಅವಳ ಸಂತೋಷಕ್ಕೆ ತಕ್ಕಂತೆ ಬಣ್ಣ ಹಾಕೋಣವೆಂದರೆ ಅದು ಅವಳ ಲೆಕ್ಕವಲ್ಲ, ನನ್ನ ಊಹೆ. ಧಾರವಾಡದ ಕಡೆಯ ಕೌದಿಗೆ ಈ ಪೇಚಿಲ್ಲ. ಹಳೆಯ ಸೀರೆಯ ತುಂಡು ಯಾರದೆಂದಷ್ಟೇ ಹೇಳುತ್ತದೆ, ಅವರು ಹೇಗೆ ಬದುಕಬೇಕಿತ್ತೆಂದು ಹೇಳುವುದಿಲ್ಲ. ಅಂಕಿಯ ಹೆಣಿಗೆಗೆ ಆ ಚಾಳಿ ಇದೆ. ಡಿಕನ್ಸ್ 1859ರಲ್ಲಿ ಬರೆದ ‘ಎ ಟೇಲ್ ಆಫ್ ಟೂ ಸಿಟೀಸ್’ ಕಾದಂಬರಿಯ ಮದಾಮ್ ದಫಾರ್ಜ್ ಸಾಯಬೇಕಾದವರ ಹೆಸರುಗಳನ್ನೇ ಹೆಣಿಗೆಯಲ್ಲಿ ಗುಟ್ಟಾಗಿ ದಾಖಲಿಸುತ್ತಾಳೆ. ಮಕ್ಕಳು ಕೇಳಿದರೆ “ಎಲ್ಲಾ ನಾರ್ಮಲ್” ಎಂದು ನೋಟ್‌ಬುಕ್ಕನ್ನು ದಿಂಬಿನಡಿ ತಳ್ಳುತ್ತಿದ್ದವಳ ಗುಟ್ಟನ್ನು ನಾನು ಮದುವೆಮನೆಗಳಲ್ಲಿ ಹೊದ್ದು ಓಡಾಡುವುದು ಸರಿಯೆ?

ಕೊನೆಗೆ ಅಂಕಿ ಬದಲಿಸಲಿಲ್ಲ, ಕೆಂಪನ್ನೂ ಬಿಡಲಿಲ್ಲ. ನಮ್ಮಲ್ಲಿ ಕೆಂಪು ಎಂದರೆ ಕುಂಕುಮವೂ ಹೌದಷ್ಟೆ. ಯಾವ ಬಣ್ಣ ಯಾವುದಕ್ಕೆಂದು ಮಾತ್ರ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಈಗ ಭಾದ್ರಪದಕ್ಕೆ ಬಂದಿದ್ದೇನೆ. ಗೌರಿ-ಗಣೇಶದ್ದು ಮೂರು ಸಾಲು ಒಟ್ಟಿಗೆ ಕೆಂಪು. ಕಡುಬು ಎಷ್ಟು ತಿಂದಿದ್ದಳೋ!