ಹೆಸರು ಹಿಡಿದು ಕರೆಯಿರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಯಾವ ಸಣ್ಣ ಸಂಘದ ಕಾರ್ಯಕ್ರಮಕ್ಕೆ ಹೋದರೂ ಶಾಲಿಗೆ, ಹಾರಕ್ಕೆ ಬರವಿಲ್ಲ. ಶಾಸಕರಿಗೊಂದು, ದೇಣಿಗೆ ಕೊಟ್ಟವರಿಗೊಂದು, ತಡವಾಗಿ ಬಂದ ಮುಖ್ಯ ಅತಿಥಿಗೊಂದು. ಬೆಳಿಗ್ಗೆಯೇ ಬಂದು ಜಮಖಾನ ಹಾಸಿ, ಮೈಕಿನವನ ಹಿಂದೆ ಅಲೆದು, ಅಡುಗೆಯವರಿಗೆ ನೀರು ಹೊಂದಿಸಿದ ಹುಡುಗರ ಸರದಿ ವಂದನಾರ್ಪಣೆಯಲ್ಲಿ. ಅಷ್ಟೊತ್ತಿಗೆ ಸಭೆ ಎದ್ದು ಊಟದ ಸಾಲಿಗೆ ಹೋಗಿರುತ್ತದೆ. ಅದೂ ಹೆಸರು ಹಿಡಿದಲ್ಲ. ‘ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’ ಎಂದು ಒಂದೇ ಉಸಿರಿನಲ್ಲಿ.

ಕಲೆಯ ವೇದಿಕೆಯಲ್ಲೂ ಹೀಗೇ. ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಮರಿಯಮ್ಮನಹಳ್ಳಿ. ಅಲ್ಲಿನ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಅವರು ತಮ್ಮ ಕಥೆ ಹೇಳುವಾಗ ಗುರು ಕಾಳವ್ವ ಜೋಗತಿಯನ್ನು ನೆನೆಯುತ್ತಾರೆ. ಆ ನೃತ್ಯದಲ್ಲಿ ತಲೆಯ ಮೇಲೆ ಕೊಡ ಹೊತ್ತವರು ಕುಣಿಯಬೇಕಾದರೆ ಪಕ್ಕದಲ್ಲಿ ಚೌಡಿಕೆ ನುಡಿಸುವವರು ಬೇಕು. ಅವರ ಹೆಸರು ಕೇಳಿದ ಪ್ರೇಕ್ಷಕರು ಎಷ್ಟು ಮಂದಿ?

ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತೆಯರದು ಇನ್ನೊಂದು ಪಾಡು. ಗುಳೆ ಹೋಗುವ ಸೀಮೆ ಇದು. ಊರಲ್ಲಿ ಉಳಿದವರು ಹೊಲದಿಂದ ಮನೆಗೆ ಬರುವುದೇ ಸಂಜೆ, ಸಂಘದ ಸಭೆ ಆಮೇಲೆ. ಉಳಿತಾಯದ ಪುಸ್ತಕ ಬರೆದು, ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡಿ, ನಡುವೆ ಯಾರದೋ ಮನೆಯ ಜಗಳ ಬಿಡಿಸಿ ಕೊನೆಯ ಬಸ್ಸಿಗೆ ಓಡಬೇಕು. ಬಸ್ಸು ತಪ್ಪಿದರೆ ಆ ಊರಲ್ಲೇ ಯಾರದೋ ಮನೆಯ ರೊಟ್ಟಿ, ಅಲ್ಲೇ ನಿದ್ದೆ. ಯೋಜನೆಯ ಕಂತು ಬಂದರೆ ಸಂಬಳ. ಬರದಿದ್ದರೆ ‘ಸ್ವಲ್ಪ ತಡಕೊಳ್ರಿ’. ಇಂಥವಳಿಗೆ ವರ್ಷದ ಕೊನೆಗೆ ‘ಉತ್ತಮ ಕಾರ್ಯಕರ್ತೆ’ ಫಲಕ ಕೊಟ್ಟರೆ ಫೋಟೊಕ್ಕೆ ನಗುತ್ತಾಳೆ, ನಿಜ. ಆದರೆ ಕಿರಾಣಿ ಅಂಗಡಿಯ ಉದ್ರಿ ಫಲಕಕ್ಕೆ ತೀರುವುದಿಲ್ಲ.

ದೊಡ್ಡವರ ಲೆಕ್ಕವೂ ಇದೇ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿ ಚಳಿಯಲ್ಲಿ ನಮ್ಮ ರಾಜ್ಯದ ಆಶಾಗಳು ನಿಗದಿತ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಧರಣಿ ಕೂರಬೇಕಾಯಿತು.

ಕೊಟ್ಟೂರ ತೇರಿಗೆ ನಡೆದು ಬರುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ ಕೊಡುವವರು, ಅನ್ನ ಹಾಕುವವರು ಹೆಸರು ಬಯಸುತ್ತಾರೆಯೇ ಎಂದು ಕೇಳಬಹುದು. ಬಯಸುವುದಿಲ್ಲ. ಅದು ವರ್ಷಕ್ಕೊಮ್ಮೆಯ ಹರಕೆ, ಕೊಟ್ಟೂರೇಶ್ವರನಿಗೂ ಅವರಿಗೂ ಬಿಟ್ಟ ವಿಚಾರ. ತಿಂಗಳ ಕೂಲಿ ಕೇಳಿದವರ ಮುಂದೆ ಆ ಸೇವೆಯ ಮಾತು ತಂದು ಅಡ್ಡ ಹಿಡಿಯುವುದು ಜಾಣತನ ಮಾತ್ರ.

ದುಡ್ಡಿಲ್ಲದ ಸಂಸ್ಥೆಯೂ ಮಾಡಬಹುದಾದದ್ದು ಇದೆ. ರಾತ್ರಿ ಸಭೆ ಮುಗಿಸಿ ಬಂದವಳಿಗೆ ಮರುದಿನ ಅರ್ಧ ದಿನ ಬಿಡುವು ಕೊಡಬಹುದು. ಸಂಬಳ ತಡವಾಗುವುದಾದರೆ ಮೊದಲೇ ಹೇಳಬಹುದು. ವಾರ್ಷಿಕ ವರದಿಯಲ್ಲಿ ಅಧ್ಯಕ್ಷರ ಫೋಟೊ ಚಿಕ್ಕದು ಮಾಡಿ ಊರೂರು ಸುತ್ತಿದವರ ಹೆಸರು ಹಾಕಬಹುದು. ಇನ್ನು ಬಿಟ್ಟು ಹೋಗುವವರಿಗೆ ಕೇಳುವ ಮುಂಚೆಯೇ ಅನುಭವ ಪತ್ರ ಬರೆದುಕೊಡಿ. ಯಾವ ಯಾವ ಊರಲ್ಲಿ, ಏನೇನು ಕೆಲಸ ಎಂಬುದು ಅದರಲ್ಲಿ ಇರಲಿ. ವರ್ಷಗಟ್ಟಲೆ ದುಡಿದ ಹುಡುಗಿ ಬೇರೆ ಕಡೆ ಸಂದರ್ಶನಕ್ಕೆ ಹೋದಾಗ, ‘ಅನುಭವ ಇಲ್ಲಲ್ಲಮ್ಮ’ ಅನಿಸಿಕೊಂಡು ವಾಪಸ್ ಬರುವುದಾದರೂ ತಪ್ಪುತ್ತದೆ.