ಧನ, ಪ್ರೇಮ ಮತ್ತು ಒಂದು ಮೂಕಚಿತ್ರ

ಒಂದೇ ಕಾರ್ಯದಿಂದ ಪ್ರೇಮವೂ ಸಫಲವಾಗಿ ಧನವೂ ಲಭಿಸುವಂತಿದ್ದರೆ, ಅದನ್ನು ಮಾಡುವವನ ಉದ್ದೇಶ ಶುದ್ಧವೋ ಅಶುದ್ಧವೋ ಎಂದು ನಿರ್ಣಯಿಸುವುದು ಹೇಗೆ? ಅಮೆರಿಕೆಯ ಹಾಸ್ಯನಟ ಬಸ್ಟರ್ ಕೀಟನ್ 1925ರಲ್ಲಿ ನಿರ್ದೇಶಿಸಿ ನಟಿಸಿದ ‘ಸೆವೆನ್ ಚಾನ್ಸಸ್’ ಎಂಬ ಮೂಕಚಿತ್ರ ಈ ಪ್ರಶ್ನೆಯನ್ನು ನಗೆಯ ಮರೆಯಲ್ಲಿ ಎತ್ತುತ್ತದೆ. ರಾಯ್ ಕೂಪರ್ ಮೆಗ್ರೂ ಎಂಬವರ ನಾಟಕ ಅದಕ್ಕೆ ಆಧಾರ.

ಕಥಾನಾಯಕ ಜಿಮ್ಮಿ ಶ್ಯಾನನ್ ಒಂದು ದಲಾಲಿ ಸಂಸ್ಥೆಯ ಕಿರಿಯ ಪಾಲುದಾರ. ಸಂಸ್ಥೆ ದಿವಾಳಿಯ ಅಂಚಿನಲ್ಲಿದೆ. ಸೆರೆಮನೆಯ ಭಯವೂ ಇದೆ. ಆಗ ವಕೀಲನೊಬ್ಬ ಅಜ್ಜನ ಉಯಿಲನ್ನು ಹಿಡಿದು ಬರುತ್ತಾನೆ. ಸಾಲ ವಸೂಲಿಗೆ ಬಂದವನೆಂದು ಭಾವಿಸಿ ಪಾಲುದಾರರಿಬ್ಬರೂ ಅವನಿಂದ ತಪ್ಪಿಸಿಕೊಂಡು ತಿರುಗುವುದನ್ನು ಕಂಡರೆ ವ್ಯಾಪಾರಸ್ಥರಿಗೆ ಇತರರಿಗಿಂತ ಹೆಚ್ಚು ನಗು ಬಂದೀತು! ಇಪ್ಪತ್ತೇಳನೆಯ ಹುಟ್ಟುಹಬ್ಬದ ದಿನ ಸಂಜೆ 7 ಗಂಟೆಯೊಳಗೆ ವಿವಾಹವಾದರೆ 70 ಲಕ್ಷ ಡಾಲರ್ ಜಿಮ್ಮಿಗೆ ಸೇರುವುದು. ಆ ಹುಟ್ಟುಹಬ್ಬ ಅದೇ ದಿನ.

ಜಿಮ್ಮಿಗೆ ಮೇರಿಯಲ್ಲಿ ಬಹುಕಾಲದ ಅನುರಾಗ; ಋತುಗಳು ಉರುಳಿ ನಾಯಿಮರಿ ದೊಡ್ಡ ನಾಯಿಯಾದರೂ ಅದನ್ನು ಬಾಯಿಬಿಟ್ಟು ಹೇಳಲಾರದ ಸಂಕೋಚ. ಇಂದು ಕೇಳುತ್ತಾನೆ, ಅವಳು ಸಂತೋಷದಿಂದ ಒಪ್ಪುತ್ತಾಳೆ. ಆದರೆ ಅವಸರದ ಕಾರಣ ತಿಳಿಸಹೊರಟು, ಈ ದಿನ ಯಾರನ್ನಾದರೂ ವರಿಸಲೇಬೇಕಾಗಿದೆ ಎಂಬ ಅರ್ಥ ಬರುವಂತೆ ತೊದಲುತ್ತಾನೆ. ಮೇರಿ ಸಂಬಂಧವನ್ನೇ ಮುರಿಯುತ್ತಾಳೆ.

ಅವನು ಸುಳ್ಳಾಡಲಿಲ್ಲ. ಧನವನ್ನು ಬಯಸಿದ್ದೂ ದೋಷವಲ್ಲ; ಸಂಸ್ಥೆ ಮುಳುಗಿದರೆ ಪಾಲುದಾರನೂ ಮುಳುಗುತ್ತಾನೆ, ಋಣ ತೀರಿಸಬೇಕೆಂಬ ಬಯಕೆಗೆ ಲೋಭವೆಂದು ಹೆಸರಿಡುವುದು ಅನ್ಯಾಯ. ಮೇರಿಯನ್ನು ನೋಯಿಸಿದ್ದು ‘ಯಾರನ್ನಾದರೂ’ ಎಂಬ ಒಂದೇ ಭಾವ. ನೂರು ರೂಪಾಯಿಯ ಒಂದು ನೋಟಿಗೆ ಇನ್ನೊಂದು ನೋಟು ಸಮ. ಯಾವುದು ಬಂದರೂ ಲೆಕ್ಕ ಸರಿಹೋಗುತ್ತದೆ. ಹಣದ ಈ ಗುಣವನ್ನು ಮನುಷ್ಯರ ಮೇಲೆ ಆರೋಪಿಸಿದಾಗಲೇ ಅಪಮಾನ ಹುಟ್ಟುವುದು.

ಮುಂದಿನದೆಲ್ಲ ಆ ಒಂದು ಪದದ ವಿಸ್ತಾರ. ಪಾಲುದಾರನ ಒತ್ತಾಯಕ್ಕೆ ಮಣಿದು ಜಿಮ್ಮಿ ಕ್ಲಬ್ಬಿನಲ್ಲಿ ಪರಿಚಯದ ಏಳು ಮಂದಿ ಸ್ತ್ರೀಯರನ್ನು ಕೇಳುತ್ತಾನೆ. ಏಳೂ ಮಂದಿ ನಿರಾಕರಿಸುತ್ತಾರೆ. ಆಸ್ತಿಯ ಸಂಗತಿ ಪತ್ರಿಕೆಯಲ್ಲಿ ಪ್ರಕಟವಾದೊಡನೆ ನೂರಾರು ವಧುಗಳು ಮುಸುಕು ತೊಟ್ಟು ಚರ್ಚಿಗೆ ನುಗ್ಗುತ್ತಾರೆ. ವ್ಯಕ್ತಿ ಅವನೇ. ಈಗ ಅವನೇ ಅವರ ಪಾಲಿಗೆ ‘ಯಾರಾದರೂ’ ಆಗಿದ್ದಾನೆ. ರೊಚ್ಚಿಗೆದ್ದ ವಧುಗಳು ಅವನನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯವೂ ಬೆಟ್ಟದಿಂದ ಉರುಳುವ ಬಂಡೆಗಳೂ ಜಗತ್ಪ್ರಸಿದ್ಧ. ಮೇರಿಯ ಮನೆಯ ಆಳಿನ ಪಾತ್ರಕ್ಕೆ ಬಿಳಿಯ ನಟನ ಮುಖಕ್ಕೆ ಕಪ್ಪು ಬಳಿದು ನಗಿಸಲೆತ್ನಿಸಿದ್ದು ಮಾತ್ರ ಚಿತ್ರಕ್ಕಂಟಿದ ಕಳಂಕವೇ ಸರಿ.

ತಾಯಿಯ ಮಾತಿನಿಂದ ಮನಸ್ಸು ತಿರುಗಿದ ಮೇರಿ ಒಪ್ಪಿಗೆಯ ಪತ್ರ ಕಳುಹಿಸಿರುತ್ತಾಳೆ. ಜಿಮ್ಮಿ ಓಡಿ ಬಂದಾಗ ಪಾಲುದಾರನ ಗಡಿಯಾರದಲ್ಲಿ ಏಳು ಮೀರಿದೆ. ಧನವಿಲ್ಲದಿದ್ದರೂ ಮದುವೆಯಾಗೋಣ ಎನ್ನುತ್ತಾಳೆ ಮೇರಿ. ಈಗ ನಿರಾಕರಿಸುವವನು ಅವನು: ತನಗೆ ಬರಲಿರುವ ಅಪಕೀರ್ತಿಯಲ್ಲಿ ಅವಳು ಪಾಲುಗೊಳ್ಳಬಾರದು. ಧನಕ್ಕಾಗಿ ಅಲ್ಲವೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಸಿದ್ಧಪಡಿಸುವುದು? ಆದರೂ ವಾಚಕರು ಇಲ್ಲಿ ಒಂದು ಕ್ಷಣ ತಡೆದು ಯೋಚಿಸಬೇಕು. ಕಷ್ಟವನ್ನು ಅರಿತೇ ಅವಳು ಆರಿಸಿಕೊಂಡಿದ್ದಾಳೆ. ಅವಳು ಹೊರಬಲ್ಲ ಭಾರವನ್ನು ಅವಳ ಪರವಾಗಿ ಅಳೆಯುವ ಅಧಿಕಾರ ಅವನಿಗೆಲ್ಲಿಯದು? ಮೊದಲು ಅವಳ ಬೆಲೆಯನ್ನು ಮಾತಿನಲ್ಲಿ ತಗ್ಗಿಸಿದವನು ಈಗ ತ್ಯಾಗದ ಹೆಸರಿನಲ್ಲಿ ಅವಳ ನಿರ್ಧಾರವನ್ನು ತಳ್ಳಿಹಾಕುತ್ತಾನೆ.

ಹೊರಗೆ ಬಂದ ಅವನಿಗೆ ಚರ್ಚಿನ ಗಡಿಯಾರ ಕಾಣಿಸುತ್ತದೆ. ಪಾಲುದಾರನ ಗಡಿಯಾರ ಮುಂದೆ ಓಡುತ್ತಿತ್ತು. ಇನ್ನೂ ಕೆಲವು ಕ್ಷಣಗಳಿವೆ. ಅಲ್ಲಿಯೂ ಏಳು ಮೀರಿದ್ದರೆ ಮೇರಿಯ ಮಾತಿಗೆ ಬೆಲೆಕೊಟ್ಟು ಅವನು ಹಿಂದಿರುಗುತ್ತಿದ್ದನೇ? ಚಿತ್ರ ಆ ಗೋಜಿಗೇ ಹೋಗದೆ ಅವರಿಬ್ಬರ ಮದುವೆ ಮಾಡಿಸಿ ಮುಗಿಸುತ್ತದೆ.